ಘಟ್ಟ ಹತ್ತುವ ಮುನ್ನ ಒಂದು ರಾತ್ರಿ

ಹುಬ್ಬಳ್ಳಿ-ಧಾರವಾಡದಿಂದ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೊರಡುವವರು ಫೋನಿನಲ್ಲಿ ಮೊದಲು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಬೆಳಗಿನ ಜಾವ ಬಿಟ್ಟರೆ ಎರಡು ಡೈವ್ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಲ್ಲವೇ ಅಣ್ಣಾ?" ಗಡಿಯಾರದ ಲೆಕ್ಕದಲ್ಲಿ ಬರಬಹುದು. ಮುರ್ಡೇಶ್ವರದಿಂದ ಬೋಟು ಬೆಳಿಗ್ಗೆ ಏಳು, ಏಳೂವರೆಗೆ ಹೊರಡುತ್ತದೆ, ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಮರಳುತ್ತದೆ. ಅಂಕೋಲಾ, ಯಲ್ಲಾಪುರ, ಕಲಘಟಗಿ ಹಾದು ಹುಬ್ಬಳ್ಳಿಗೆ ಇನ್ನೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಐದು ಗಂಟೆ ಇಟ್ಟುಕೊಂಡರೆ ಸಾಕು. ಆದರೂ ಎರಡು ಡೈವ್ ಮಾಡಿದ ದಿನವೇ ಘಟ್ಟ ಹತ್ತುವ ಗುಂಪನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಕಾರಣವನ್ನು ಪ್ರತಿ ಬಾರಿ ಫೋನಿನಲ್ಲಿ ಹೇಳುತ್ತಲೇ ಬಂದಿದ್ದೇನೆ. ಒಮ್ಮೆ ಸಮಾಧಾನವಾಗಿ ಬರೆದಿಡೋಣ ಅನ್ನಿಸಿತು.

ನಾನು ಹುಬ್ಬಳ್ಳಿಯವನು. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಕರಾವಳಿಯಲ್ಲಿ ಡೈವ್ ಗೈಡ್ ಕೆಲಸ. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಊರಿಗೆ ಬಂದು ಮುಂದಿನ ಹಂಗಾಮಿನ ಗುಂಪುಗಳನ್ನು ಹೊಂದಿಸುತ್ತೇನೆ. ನೇತ್ರಾಣಿಗೆ ಬರುವ ಬಹುಪಾಲು ಜನ ಮೊದಲ ಸಲ ನೀರಿಗಿಳಿಯುವವರು. ತರಬೇತುದಾರರು ಅವರ ಕೈ ಬಿಡದೆ ಕಡಿಮೆ ಆಳದಲ್ಲಿ ಸುತ್ತಾಡಿಸಿ ತರುತ್ತಾರೆ. ನನ್ನ ಪಾಲಿಗೆ ಬರುವವರು ಬೇರೆ. ತರಬೇತಿ ಮುಗಿಸಿ, ಪರೀಕ್ಷೆ ಕೊಟ್ಟು, ಕಾರ್ಡ್ ಪಡೆದವರು. ಕೆಲವರು ಅಂಡಮಾನಿನಲ್ಲಿ ಕಲಿತಿರುತ್ತಾರೆ, ಕೆಲವರು ಥಾಯ್ಲೆಂಡಿನಲ್ಲಿ, ಇನ್ನು ಕೆಲವರು ನೇತ್ರಾಣಿಯಲ್ಲೇ. ಮೊದಲ ಹಂತದ ಕಾರ್ಡ್ ಇದ್ದವರಿಗೆ 18 ಮೀಟರ್, ಮುಂದಿನ ಹಂತದವರಿಗೆ 30 ಮೀಟರ್ ಮಿತಿ. ಅವರಿಗೆ ಉಸಿರಾಡುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ದಾರಿ ತೋರಿಸಬೇಕು, ಹರಿವು ನೋಡಬೇಕು, ಯಾರ ಸಿಲಿಂಡರ್ ಬೇಗ ಖಾಲಿಯಾಗುತ್ತಿದೆ ಎಂದು ಗಮನಿಸಬೇಕು, ಎಲ್ಲರನ್ನೂ 50 ಬಾರ್ (ಸಿಲಿಂಡರಿನೊಳಗಿನ ಒತ್ತಡದ ಅಳತೆ) ಗಾಳಿ ಉಳಿದಿರುವಾಗಲೇ ಮೇಲೆ ತರಬೇಕು.

ನನಗೆ ಕೆಲಸ ಕಲಿಸಿದ ಹಿರಿಯ ಗೈಡ್ ಒಬ್ಬರಿದ್ದರು, ಕರಾವಳಿಯವರು. ಬೋಟಿಗೆ ಬಂದ ಅತಿಥಿಯ ಕಾರ್ಡ್ ನೋಡುವ ಮೊದಲೇ ಅವರು "ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ?" ಎಂದು ಕೇಳುತ್ತಿದ್ದರು. ಮುರ್ಡೇಶ್ವರ, ಹೊನ್ನಾವರ, ಗೋಕರ್ಣ ಎಂದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹುಬ್ಬಳ್ಳಿ ಅಥವಾ ಶಿರಸಿ ಎಂದರೆ ಅಲ್ಲೇ ಕುಳಿತುಬಿಡುತ್ತಿದ್ದರು. ಆ ಅತಿಥಿಯೊಡನೆ ಅವರ ಮಾತು ಬೇಗ ಮುಗಿಯುತ್ತಿರಲಿಲ್ಲ. ನನ್ನ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆಯನ್ನು ಇನ್ನೂ ಯಾರಿಂದಲೂ ಕೇಳಿಲ್ಲ.

ವಿಷಯ ಸಾರಜನಕದ್ದು. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ. ನೆಲದ ಮೇಲೆ ಅದು ನಮ್ಮನ್ನು ಬಾಧಿಸುವುದಿಲ್ಲ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 18 ಮೀಟರ್ ಆಳದಲ್ಲಿ ಅದು ದಡದಲ್ಲಿದ್ದುದರ 2.8 ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬರುವಾಗ ಅದು ನಿಧಾನವಾಗಿ ಶ್ವಾಸಕೋಶದ ಮೂಲಕ ಹೊರಹೋಗಬೇಕು. ಅವಸರ ಮಾಡಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವುದೇ ಮೈಯೊಳಗೆ ಆಗುತ್ತದೆ, ಗುಳ್ಳೆ ಏಳುತ್ತದೆ, ಕೀಲು ಮತ್ತು ನರಗಳಿಗೆ ತೊಂದರೆ ಕೊಡುತ್ತದೆ. ಅದಕ್ಕಾಗಿಯೇ ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗವಾಗಿ ಏರಬಾರದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು ಎಂಬ ಕಟ್ಟಳೆಗಳು. ಬ್ರಿಟನ್ನಿನ ಶರೀರವಿಜ್ಞಾನಿ ಹಾಲ್ಡೇನ್ ಮತ್ತು ಅವರ ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ 1908ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಈ ಲೆಕ್ಕ ಶುರುವಾಯಿತು. ದೇಹದ ಒಂದೊಂದು ಭಾಗ ಒಂದೊಂದು ವೇಗದಲ್ಲಿ ಸಾರಜನಕ ಬಿಡುತ್ತದೆ ಎಂದು ಕಂಡುಕೊಂಡವರು ಅವರು. ಇಂದು ನಮ್ಮ ಮುಂಗೈಯಲ್ಲಿರುವ ಡೈವ್ ಕಂಪ್ಯೂಟರ್ ಕೂಡ ಅದೇ ಲೆಕ್ಕವನ್ನು ವಿಸ್ತರಿಸಿ ಮಾಡುತ್ತದೆ.

ಕಾರ್ಡ್ ಇರುವ ಪ್ರತಿಯೊಬ್ಬರಿಗೂ ಇದು ಗೊತ್ತು. ನೀರಿನಿಂದ ಹೊರಬಂದ ಮೇಲೆ ವಿಮಾನ ಹತ್ತಬಾರದು ಎಂಬುದೂ ಗೊತ್ತು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಎರಡು ಅಥವಾ ಹೆಚ್ಚು ಆದರೆ ಕನಿಷ್ಠ 18 ಗಂಟೆ ಎಂದು ಪಾಠದಲ್ಲಿ ಓದಿರುತ್ತಾರೆ. ಡೈವ್ ಮುಗಿದ ಕೂಡಲೇ ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟ ವಿಮಾನದ ಚಿತ್ರ ಮೂಡುತ್ತದೆ. ನಮ್ಮ ಕಡೆಯವರು ಅದನ್ನು ನೋಡಿ ನಿಶ್ಚಿಂತರಾಗುತ್ತಾರೆ, ಏಕೆಂದರೆ ತಾವು ಹೋಗುವುದು ಕಾರಿನಲ್ಲಿ.

ಪಾಠ ಹೇಳುವವರು ಸಾಮಾನ್ಯವಾಗಿ ಸಮುದ್ರ ದಂಡೆಯವರು. ಅವರ ಮನೆ ದಡದಲ್ಲೇ ಇರುತ್ತದೆ. ನಮ್ಮ ಮನೆ ಹಾಗಲ್ಲ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಮೇಲೆ, 700 ದಾಟಿ. ಗದಗ ಸುಮಾರು 650, ಹಾವೇರಿ 570ರ ಆಸುಪಾಸು. 12 ಮತ್ತು 18 ಗಂಟೆಗಳ ಆ ನಿಯಮವನ್ನು 2002ರಲ್ಲಿ ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಕಾರ್ಯಾಗಾರದಲ್ಲಿ ತಜ್ಞರು ರೂಪಿಸಿದಾಗ, ವಿಮಾನದ ಒಳಗಿನ ಗಾಳಿಯ ಒತ್ತಡ 2,000ದಿಂದ 8,000 ಅಡಿ ಎತ್ತರಕ್ಕೆ ಸಮನಾಗಿರುವ ಸಂದರ್ಭಕ್ಕೆ ಇದು ಅನ್ವಯ ಎಂದರು. 2,000 ಅಡಿ ಎಂದರೆ 610 ಮೀಟರ್. ನಮ್ಮ ಹುಬ್ಬಳ್ಳಿ ಆ ಗೆರೆಗಿಂತ ಮೇಲಿದೆ. ದೇಹಕ್ಕೆ ವಿಮಾನ, ಕಾರು ಎಂಬ ಭೇದವಿಲ್ಲ. ಹೊರಗಿನ ಒತ್ತಡ ಎಷ್ಟು ಇಳಿಯಿತು ಎಂಬುದಷ್ಟೇ ಅದಕ್ಕೆ ಮುಖ್ಯ. ಅಮೆರಿಕದ ನೌಕಾಪಡೆಯ ಕೈಪಿಡಿಯಲ್ಲಂತೂ ಡೈವ್ ಮಾಡಿದವರು ಎಷ್ಟು ಎತ್ತರದ ಪ್ರದೇಶಕ್ಕೆ ಎಷ್ಟು ಹೊತ್ತು ಬಿಟ್ಟು ಏರಬೇಕು ಎಂಬ ಪ್ರತ್ಯೇಕ ಕೋಷ್ಟಕವೇ ಇದೆ.

ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನೊಡನೆ ಕಾಗದ, ಪೆನ್ನು ಹಿಡಿದು ವಾದಕ್ಕೆ ಕುಳಿತ. "ಸರ್, ಹುಬ್ಬಳ್ಳಿಯಲ್ಲಿ ಗಾಳಿಯ ಒತ್ತಡ ದಡಕ್ಕಿಂತ ಶೇಕಡಾ ಎಂಟರಷ್ಟು ಮಾತ್ರ ಕಡಿಮೆ. ನೀರಿನ ಲೆಕ್ಕದಲ್ಲಿ ಅದು ಒಂದು ಮೀಟರೂ ಅಲ್ಲ. ಹದಿನೆಂಟು ಮೀಟರ್ ಏರಿ ಬಂದವನಿಗೆ ಇನ್ನೊಂದು ಮೀಟರ್ ಭಾರವೇ?" ಎಂದ. ಅವನ ಲೆಕ್ಕ ಸರಿಯಾಗಿತ್ತು, ಅದನ್ನು ಹಾಗೇ ಒಪ್ಪಿಕೊಂಡೆ. ಇಂಥ ಪ್ರಶ್ನೆ ಕೇಳುವ ಅತಿಥಿಗಳೆಂದರೆ ನನಗೆ ಬಹಳ ಇಷ್ಟ. ಆದರೆ ಅವನು ಒಂದನ್ನು ಬಿಟ್ಟಿದ್ದ. ಆಳದಲ್ಲಿ ಒಂದು ಮೀಟರ್ ಏರುವುದಕ್ಕೂ, ಎರಡು ಡೈವ್ ಮುಗಿಸಿ ದಡಕ್ಕೆ ಬಂದು, ಮೈಯಲ್ಲಿ ಉಳಿದ ಸಾರಜನಕ ಹೊರಹೋಗುತ್ತಿರುವಾಗ ಏರುವುದಕ್ಕೂ ವ್ಯತ್ಯಾಸವಿದೆ. ಡೈವ್ ಮಾಡಿ ಬಂದ ಆರೋಗ್ಯವಂತರ ರಕ್ತದಲ್ಲೂ ಸಣ್ಣ ಗುಳ್ಳೆಗಳು ಇರುವುದುಂಟು. ಬಹುತೇಕ ಸಲ ಅವುಗಳಿಂದ ತೊಂದರೆಯಿಲ್ಲ, ಶ್ವಾಸಕೋಶ ಸೋಸಿಬಿಡುತ್ತದೆ. ಅವು ಇನ್ನೂ ಇರುವಾಗಲೇ ಹೊರಗಿನ ಒತ್ತಡ ಇಳಿದರೆ ಅವು ಹಿಗ್ಗುತ್ತವೆ, ಹೊಸವೂ ಏಳುತ್ತವೆ. ಅಪಾಯ ದೊಡ್ಡದಲ್ಲ, ಅದನ್ನು ನಾನು ಹಿಗ್ಗಿಸಿ ಹೇಳುವುದಿಲ್ಲ. ಆದರೆ ಅದು ಎದುರಾಗುವ ಜಾಗ ಯಾವುದು ಎಂದು ನೋಡಬೇಕು. ಅರಬೈಲ್ ಘಟ್ಟದ ತಿರುವುಗಳಲ್ಲಿ, ರಾತ್ರಿ ಎಂಟು ಗಂಟೆಗೆ, ಮೊಬೈಲ್ ಸಿಗ್ನಲ್ ಬಂದು ಹೋಗುವಲ್ಲಿ, ಆಮ್ಲಜನಕದ ಸಿಲಿಂಡರ್ ಇಲ್ಲದ ಕಾರಿನಲ್ಲಿ. ಬೋಟಿನಲ್ಲಾದರೆ ಆಮ್ಲಜನಕ ಕೈಯಳತೆಯಲ್ಲಿ ಇರುತ್ತದೆ, ಬಳಸಲು ಬಲ್ಲವರೂ ಇರುತ್ತಾರೆ.

ಅದರ ಮೇಲೆ ದಣಿವು. ಹುಬ್ಬಳ್ಳಿಯಿಂದ ನಡುರಾತ್ರಿ ಬಿಟ್ಟು ಬಂದವರು ನಿದ್ದೆಗೆಟ್ಟಿರುತ್ತಾರೆ. ದಾರಿಯಲ್ಲಿ ಚಹಾ ಕುಡಿದಿರುತ್ತಾರೆ, ನೀರು ಕುಡಿದಿರುವುದಿಲ್ಲ. ದಡದಿಂದ ಹತ್ತು ನಾಟಿಕಲ್ ಮೈಲಿ ಆಚೆಗಿರುವ ದ್ವೀಪ ತಲುಪುವಷ್ಟರಲ್ಲಿ ಅಲೆಗೆ ಕೆಲವರು ವಾಂತಿ ಮಾಡಿಕೊಂಡಿರುತ್ತಾರೆ. ನೀರಿನಂಶ ಕಡಿಮೆಯಾದ ಮೈ ಸಾರಜನಕವನ್ನು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಇಂಥ ಮೈಯಲ್ಲಿ ಎರಡು ಡೈವ್, ಆಮೇಲೆ ಐದು ಗಂಟೆ ಕಾರು. ಚಾಲಕನೂ ಡೈವ್ ಮಾಡಿದವನೇ ಆಗಿದ್ದರೆ ನನಗೆ ಸಾರಜನಕಕ್ಕಿಂತ ಅವನ ನಿದ್ದೆಯ ಭಯವೇ ಹೆಚ್ಚು.

ಒಂದು ರಾತ್ರಿ ಗದಗಿನವರೊಬ್ಬರು ಫೋನ್ ಮಾಡಿದರು. ಅವರು ಬಂದಿದ್ದು ನಮ್ಮ ಬೋಟಿನಲ್ಲಿ ಅಲ್ಲ, ಪರಿಚಯದಿಂದ ನನ್ನ ನಂಬರ್ ಅವರ ಬಳಿ ಇತ್ತು. ಎರಡು ಡೈವ್ ಮಾಡಿ, ಊಟ ಮಾಡಿ, ನೇರವಾಗಿ ಊರಿನ ದಾರಿ ಹಿಡಿದಿದ್ದರು. ಯಲ್ಲಾಪುರ ದಾಟುವಾಗ ಮೊಣಕೈಯಲ್ಲಿ ನೋವು ಶುರುವಾಗಿ, ಸಿಲಿಂಡರ್ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡಿದ್ದರು. ಹುಬ್ಬಳ್ಳಿ ತಲುಪುವಷ್ಟರಲ್ಲಿ ಬೆರಳು ಜುಮ್ಮೆನ್ನುತ್ತಿತ್ತು. ಗದಗಿಗೆ ಮುಂದುವರಿಯಬೇಡಿ, ಅಲ್ಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮೊದಲು ಶುದ್ಧ ಆಮ್ಲಜನಕ ಕೊಡುವಂತೆ ಕೇಳಿ ಎಂದೆ. ನಾನೂ ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡಿದೆ. ಬಯಲುಸೀಮೆಯ ವೈದ್ಯರ ಮುಂದೆ ಇಂಥ ರೋಗಿ ಅಪರೂಪಕ್ಕೂ ಬರುವುದಿಲ್ಲ. ಎಷ್ಟು ಆಳ, ಎಷ್ಟು ನಿಮಿಷ, ನೀರಿನಿಂದ ಹೊರಬಂದದ್ದು ಎಷ್ಟು ಗಂಟೆಗೆ ಎಂದು ಆ ವೈದ್ಯರು ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಆದರೆ ಉತ್ತರ ಹೇಳಬೇಕಾದವರಿಗೇ ಅದು ನೆನಪಿರಲಿಲ್ಲ. ಆಮ್ಲಜನಕ ಕೊಟ್ಟ ಮೇಲೆ ನೋವು ಇಳಿಯಿತು. ಇಳಿದರೂ ಅವರನ್ನು ಮನೆಗೆ ಕಳುಹಿಸದೆ, ಈ ವಿಷಯ ಬಲ್ಲ ವೈದ್ಯರನ್ನು ಸಂಪರ್ಕಿಸಿ, ನರಗಳ ಪರೀಕ್ಷೆ ಮುಗಿಸಿದ ಆ ವೈದ್ಯರ ಮೇಲೆ ನನಗೆ ಅಪಾರ ಗೌರವ.

ಅಂದಿನಿಂದ ಬೋಟಿನಿಂದ ಇಳಿಯುವ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡುತ್ತೇನೆ. ಎರಡೂ ಡೈವ್‌ಗಳ ಗರಿಷ್ಠ ಆಳ, ಅವಧಿ, ಕೊನೆಯದಾಗಿ ನೀರಿನಿಂದ ಮೇಲೆ ಬಂದ ಸಮಯ, ತುರ್ತಿಗೆ ಕರೆ ಮಾಡಬೇಕಾದ ನಂಬರ್. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: ಕೀಲು ನೋವು, ಜುಮ್ಮೆನ್ನುವುದು, ತಲೆ ಸುತ್ತು, ಅತಿಯಾದ ಸುಸ್ತು ಕಂಡರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ, ಜೊತೆಗಿರುವವರು ಮಲಗಿಸಿಯೇ ಆಸ್ಪತ್ರೆಗೆ ಕರೆದೊಯ್ಯಿರಿ, ಆಮ್ಲಜನಕ ಕೇಳಿ. ಲಾಗ್‌ಬುಕ್‌ನಲ್ಲಿ ಇದೆಲ್ಲ ಇರುತ್ತದೆ ನಿಜ, ಆದರೆ ಲಾಗ್‌ಬುಕ್ ಬ್ಯಾಗಿನ ತಳದಲ್ಲಿರುತ್ತದೆ, ಒದ್ದೆ ಬಟ್ಟೆಯ ಕೆಳಗೆ. ಚೀಟಿ ಅಂಗಿಯ ಜೇಬಿನಲ್ಲಿರುತ್ತದೆ.

ಪ್ರವಾಸದ ವೇಳಾಪಟ್ಟಿಯನ್ನೂ ಹಿಂದಿನಿಂದ ಮುಂದಕ್ಕೆ ಹೆಣೆಯುವುದನ್ನು ರೂಢಿಸಿಕೊಂಡೆ. ಮನೆ ಸೇರುವ ಹೊತ್ತನ್ನು ಮೊದಲು ಬರೆಯುತ್ತೇನೆ. ಶುಕ್ರವಾರ ಸಂಜೆ ಕಚೇರಿ ಬಿಟ್ಟು ಹುಬ್ಬಳ್ಳಿಯಿಂದ ಹೊರಟರೆ ರಾತ್ರಿ ಮುರ್ಡೇಶ್ವರದಲ್ಲಿ ನಿದ್ದೆ. ಶನಿವಾರ ಬೆಳಿಗ್ಗೆ ಎರಡು ಡೈವ್, ಆಳದ್ದು ಮೊದಲು. ಮಧ್ಯಾಹ್ನ ಒಂದರೊಳಗೆ ಎಲ್ಲರೂ ನೀರಿನಿಂದ ಮೇಲೆ. ಅಲ್ಲಿಂದ 18 ಗಂಟೆ ಎಂದರೆ ಭಾನುವಾರ ಬೆಳಿಗ್ಗೆ ಏಳು. ತಿಂಡಿ ತಿಂದು ಹೊರಟರೆ ಅಂಕೋಲಾದಿಂದ ಘಟ್ಟ ಹತ್ತುವಾಗ ಹತ್ತು ಗಂಟೆ ಸಮೀಪಿಸಿರುತ್ತದೆ. ಮಧ್ಯಾಹ್ನದ ರೊಟ್ಟಿ ಊಟ ಮನೆಯಲ್ಲೇ ಆಗುತ್ತದೆ. ಶನಿವಾರ ಮಧ್ಯಾಹ್ನ ಸುಮ್ಮನಿರಲಾರದವರು ಜೋಗಕ್ಕೆ ಹೋಗಿ ಬರುತ್ತೇವೆ ಎನ್ನುತ್ತಾರೆ, ಯಾಣ ನೋಡುತ್ತೇವೆ ಎನ್ನುತ್ತಾರೆ. ಎರಡೂ ಘಟ್ಟದ ದಾರಿಯವು. ಅವರನ್ನು ಇಡಗುಂಜಿಗೆ, ಹೊನ್ನಾವರದ ಶರಾವತಿ ಹಿನ್ನೀರಿಗೆ, ಮಿರ್ಜಾನ್ ಕೋಟೆಗೆ, ಗೋಕರ್ಣಕ್ಕೆ ಕಳುಹಿಸುತ್ತೇನೆ. ಮುರ್ಡೇಶ್ವರದ ರಾಜಗೋಪುರದ ಲಿಫ್ಟ್ ಹತ್ತಬಹುದೇ ಎಂದು ಹಾವೇರಿಯ ಒಬ್ಬ ಅಕ್ಕ ಕೇಳಿದ್ದರು. ಗೋಪುರ 237 ಅಡಿ, ಎಪ್ಪತ್ತು ಚಿಲ್ಲರೆ ಮೀಟರ್, ಧಾರಾಳವಾಗಿ ಹತ್ತಬಹುದು. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದ ಮೇಲೆಯೇ ಎತ್ತರದ ಮಾತು.

ಇದರಿಂದ ಗುಂಪುಗಳು ಕೈತಪ್ಪಿವೆ. ಎರಡು ರಾತ್ರಿಯ ಕೋಣೆ ಬಾಡಿಗೆ ಯಾರಿಗೂ ಹಗುರವಲ್ಲ. "ಒಂದೇ ದಿನದಲ್ಲಿ ಮುಗಿಸಿಕೊಡುವವರು ಇದ್ದಾರೆ" ಎಂದು ಹೇಳಿ ಫೋನ್ ಇಟ್ಟವರಿದ್ದಾರೆ. ಬೇಸರವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಉಳಿದುಕೊಂಡವರ ಡೈವ್ ಬೇರೆಯೇ ಆಗಿರುತ್ತದೆ. ಚೆನ್ನಾಗಿ ಮಲಗಿ ಎದ್ದವರು ನೀರಿನಲ್ಲಿ ಕೈಕಾಲು ಬಡಿಯುವುದಿಲ್ಲ, ಗಾಳಿ ನಿಧಾನವಾಗಿ ಬಳಸುತ್ತಾರೆ. ಮನೆಗೆ ಹೋಗುವ ಅವಸರವಿಲ್ಲದವರು ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಮುಚ್ಚುವ ಮೊರೆ ಈಲನ್ನು ನೋಡಲು ನಿಲ್ಲುತ್ತಾರೆ, ಬರಾಕುಡಾಗಳ ಹಿಂಡು ತಿರುಗಿ ಬರುವವರೆಗೆ ಕಾಯುತ್ತಾರೆ. ಭಾರತೀಯ ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದರಿಂದ ತಳದಲ್ಲಿ ಅಲ್ಲಲ್ಲಿ ಶೆಲ್ಲುಗಳ ಲೋಹ ಕಾಣುತ್ತದೆ. ಅದನ್ನು ಮುಟ್ಟಬಾರದು ಎಂದು ಎರಡು ಸಲ ಹೇಳಲು ನನಗೂ ಸಮಯ ಸಿಗುತ್ತದೆ.

ಒಂದೇ ದಿನ ರಜೆ ಇರುವವರು ಒಂದು ಡೈವ್ ಮಾತ್ರ ಮಾಡಿ ಹೊರಡಬಹುದೇ ಎಂದು ಕೇಳುತ್ತಾರೆ. ಹತ್ತು ಗಂಟೆಗೆ ಮೇಲೆ ಬಂದರೆ 12 ಗಂಟೆಯ ಲೆಕ್ಕ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಅಂಕೋಲಾದಲ್ಲಿದ್ದು, ಮಲಗಿ ಎದ್ದ ಬೇರೆ ಚಾಲಕ ಗಾಡಿ ಓಡಿಸುವುದಾದರೆ ಒಪ್ಪುತ್ತೇನೆ. ಚಾಲಕ ಯಾರು ಎಂದು ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ಬೇರೆ ಚಾಲಕ ಇಲ್ಲದಿದ್ದರೆ ಮುಂದಿನ ತಿಂಗಳು ಎರಡು ದಿನ ರಜೆ ಹಾಕಿ ಬನ್ನಿ ಎನ್ನುತ್ತೇನೆ. ಮೇ ತಿಂಗಳವರೆಗೂ ಬೋಟು ಇರುತ್ತದೆ.