ಲಾ ಪುಸ್ತಕಗಳನ್ನ ಬಾಡಿಗೆಗೆ ತಗೊಂಡು ಓದ್ತಾ ಇದ್ದೀನಿ

ನಿನ್ನೆ ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಬೆಳಕಲ್ಲಿ ಕೂತು ನಾಲ್ಕನೇ ಸೆಮಿಸ್ಟರಿನ ಪುಸ್ತಕದ ಲೆಕ್ಕ ಹಾಕಿದೆ. ನಾಲ್ಕು ಪುಸ್ತಕದ ಬಾಡಿಗೆ 480, ಎರಡು ಹೊಸ ಬೇರ್ ಆಕ್ಟಿಗೆ (ವಿವರಣೆ ಇಲ್ಲದೆ ಕಾಯ್ದೆ ಮಾತ್ರ ಇರೋ ಪುಸ್ತಕ) 260, ಝೆರಾಕ್ಸಿಗೆ 100, ಒಟ್ಟು 840 ರೂಪಾಯಿ. ಡಿಪಾಸಿಟ್ ಬೇರೆ ಕೊಟ್ಟಿದ್ದೀನಿ, ಅದು ವಾಪಸ್ ಬರೋ ದುಡ್ಡು. ಮೊದಲನೇ ಸೆಮಿಸ್ಟರಲ್ಲಿ ಬರೀ ಐದು ಪುಸ್ತಕಕ್ಕೆ 3,850 ಕೊಟ್ಟು ಬಂದಿದ್ದೆ. ಅದು ಆಯಿ (ಅಮ್ಮ) ಸಂಘದಲ್ಲಿ ಸಾಲ ತೆಗೆದು ಕೊಟ್ಟ ದುಡ್ಡು, ವಾರ ವಾರ ಕಂತು ಕಟ್ಟಬೇಕಿತ್ತು, ನನ್ನ ಪರೀಕ್ಷೆ ಮುಗಿದು ರಿಸಲ್ಟ್ ಬಂದ್ರೂ ಆ ಕಂತು ಮುಗಿದಿರಲಿಲ್ಲ. ಆ ಐದರಲ್ಲಿ ಎರಡು ಪುಸ್ತಕದ ಅರ್ಧಕ್ಕಿಂತ ಹೆಚ್ಚು ಪುಟ ನಾನು ತೆರೆದೂ ನೋಡಿಲ್ಲ. ಅಂಕೋಲೆಯಿಂದ ಶಿರಸಿಗೆ ಲಾ ಓದೋಕೆ ಬಂದಾಗ ಯಾರಾದ್ರೂ ಇದನ್ನ ಕೂರಿಸಿ ಹೇಳಿದ್ರೆ ಎಷ್ಟು ಚಲೋ ಇತ್ತು ಅಂತ ಈಗ್ಲೂ ಅನ್ಸುತ್ತೆ, ಅದಕ್ಕೇ ಬರೀತಾ ಇದ್ದೀನಿ.

ಬಾಡಿಗೆ ಶುರುವಾಗಿದ್ದು ನಮ್ಮ ಪಿಜಿಯಲ್ಲಿದ್ದ ಸಿದ್ದಾಪುರದ ಅಕ್ಕನಿಂದ. ಅವರು ಆಗ ಕೊನೇ ವರ್ಷ. ನಾನು ಟಿ.ಪಿ. ಆಕ್ಟ್ (ಆಸ್ತಿ ವರ್ಗಾವಣೆ ಕಾಯ್ದೆ) ಪುಸ್ತಕಕ್ಕೆ ದುಡ್ಡು ಹೊಂದಿಸ್ತಾ ಇದ್ದಿದ್ದು ನೋಡಿ, "ತಂಗೀ, ನನ್ನದೇ ತಗೊಂಡು ಓದು, ಸೆಮಿಸ್ಟರ್ ಮುಗಿದ ಮೇಲೆ ಕೊಡು" ಅಂದ್ರು. ಸುಮ್ನೆ ತಗೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ. ಸುಮ್ನೆ ಕೊಟ್ಟ ಪುಸ್ತಕ ಕೈಯಿಂದ ಕೈಗೆ ಹೋಗಿ ಕೊನೆಗೆ ಯಾರ ಹತ್ರ ಇದೆ ಅಂತಾನೇ ಗೊತ್ತಾಗಲ್ಲ, ಕೇಳೋಕೆ ಅವರಿಗೂ ಸಂಕೋಚ. ಅದಕ್ಕೆ ಇಬ್ಬರೂ ಕೂತು ಮಾತಾಡಿ ಸೆಮಿಸ್ಟರಿಗೆ 120 ಬಾಡಿಗೆ, 300 ಡಿಪಾಸಿಟ್ ಅಂತ ಮಾಡ್ಕೊಂಡ್ವಿ, ಒಂದು ಹಾಳೆಯಲ್ಲಿ ಪುಸ್ತಕದ ಹೆಸರು, ಎಷ್ಟನೇ ಆವೃತ್ತಿ, ಕೊಟ್ಟ ತಾರೀಕು, ವಾಪಸ್ ಕೊಡೋ ತಾರೀಕು ಬರೆದು ಇಬ್ಬರೂ ಸಹಿ ಹಾಕಿದ್ವಿ. ಪೆನ್ನಲ್ಲಿ ಗೀಚಬಾರದು, ಪೆನ್ಸಿಲ್ ಆಗಬಹುದು ಅಂತಾನೂ ಬರೆದ್ವಿ.

ಬಾಡಿಗೆ ಪುಸ್ತಕದಲ್ಲಿ ಹೊಸ ಪುಸ್ತಕದಲ್ಲಿ ಸಿಗದ ಒಂದು ವಿಷಯ ಇದೆ. ಅಕ್ಕನ ಪುಸ್ತಕದಲ್ಲಿ 53ಎ ಸೆಕ್ಷನ್ ಪಕ್ಕ, ಪಾರ್ಟ್ ಪರ್ಫಾರ್ಮೆನ್ಸ್ (ಕರಾರಿನ ಪ್ರಕಾರ ಆಸ್ತಿ ವಶಕ್ಕೆ ತಗೊಂಡವರಿಗೆ ಸಿಗೋ ರಕ್ಷಣೆ) ಬರೋ ಕಡೆ, ಪೆನ್ಸಿಲಲ್ಲಿ ಸಣ್ಣಕೆ "ಎರಡು ಸಲ ಬಂದಿದೆ, 10 ಮಾರ್ಕ್ಸ್" ಅಂತ ಇತ್ತು, ಅದರ ಕೆಳಗೆ ಬೇರೆ ಯಾರದೋ ಅಕ್ಷರದಲ್ಲಿ "ರಿಜಿಸ್ಟ್ರೇಷನ್ ನೋಡು" ಅಂತ. ಅಂದ್ರೆ ಅಕ್ಕನಿಗಿಂತ ಮುಂಚೆನೂ ಆ ಪುಸ್ತಕ ಯಾರೋ ಓದಿದ್ರು. ಆ ಎರಡು ಪದ ಹಿಡ್ಕೊಂಡು ಹುಡುಕಿದಾಗಲೇ ನಂಗೆ ಗೊತ್ತಾಗಿದ್ದು, 2001ರಲ್ಲಿ ತಿದ್ದುಪಡಿ ಆದ್ಮೇಲೆ ಆ ಸೆಕ್ಷನಿನ ರಕ್ಷಣೆ ಬೇಕಂದ್ರೆ ಕರಾರು ರಿಜಿಸ್ಟರ್ ಆಗಿರಬೇಕು ಅಂತ. ನಂಗೆ ಆ ಸೆಕ್ಷನ್ ಅರ್ಥ ಆಗಿದ್ದು ಕ್ಲಾಸಿಗಿಂತ ಹೆಚ್ಚಾಗಿ ಆ ಸಾಲಿನಿಂದ.

ಈಗ ನನ್ನಿಂದ ಆದ ತಪ್ಪು ಹೇಳ್ತೀನಿ. ಜುಲೈಯಲ್ಲಿ ಊರಿಗೆ ಹೋಗಿದ್ದೆ, ಪುಸ್ತಕನೂ ಜೊತೆಗೆ. ನಮ್ಮದು ಹಂಚಿನ ಮನೆ, ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟು ಊಟಕ್ಕೆ ಹೋದೆ, ಗಾಳಿ ಮಳೆ ಒಟ್ಟಿಗೆ ಹೊಡೀತು, ಬಂದು ನೋಡಿದ್ರೆ ಕೆಳಗಿನ ಅಂಚು ಪೂರ್ತಿ ನೀರು ಕುಡಿದಿತ್ತು. ನಂಗೆ ಅಳುನೇ ಬಂತು. ಆಯಿ ಒಂದು ಮಾತೂ ಬೈಯ್ಯದೆ ಹಳೇ ಪೇಪರ್ ತಂದ್ರು, ಹತ್ತತ್ತು ಪುಟಕ್ಕೆ ಒಂದು ಪೇಪರ್ ಹಾಳೆ ಸೇರಿಸಿದ್ವಿ, ಒದ್ದೆ ಆದ ಹಾಗೆ ತೆಗೆದು ಬೇರೆ ಹಾಕಿದ್ವಿ, ಆಮೇಲೆ ಪುಸ್ತಕನ ಬಚ್ಚಲ ಒಲೆಯಿಂದ ಸ್ವಲ್ಪ ದೂರ ಬಿಸಿ ತಾಗೋ ಹಾಗೆ ಇಟ್ಟು, ಮೇಲೆ ಮಣೆ, ಮಣೆ ಮೇಲೆ ಒರಳಿನ ಗುಂಡು. ಮೂರು ದಿನ ಬೇಕಾಯ್ತು. ಬೂಷ್ಟು ಹಿಡೀಲಿಲ್ಲ, ಅಕ್ಷರ ಒಂದೂ ಹೋಗ್ಲಿಲ್ಲ, ಆದ್ರೆ ಪುಟಗಳ ಕೆಳಗಿನ ಅಂಚು ಅಲೆ ಅಲೆ ಆಗಿ ನಿಂತುಬಿಡ್ತು.

ಶಿರಸಿಗೆ ಬಂದ ದಿನಾನೇ ಅಕ್ಕನಿಗೆ ತೋರಿಸಿದೆ. ಅವರು ಬೇಜಾರು ಮಾಡ್ಕೊಂಡ್ರು, ಆದ್ರೆ ಕೇಳಿದ ಪ್ರಶ್ನೆ ಬೇರೆ: "ಇದಕ್ಕೆ ಯಾವ ಕಾನೂನು ಹೇಳು?" ನಾನು ಬಾಡಿಗೆ ಅಲ್ವಾ ಅಂತ ಟಿ.ಪಿ. ಆಕ್ಟಿನ 105ನೇ ಸೆಕ್ಷನ್ ಅಂದೆ. ತಪ್ಪು, ಅದು ಸ್ಥಿರಾಸ್ತಿ ಲೀಸಿಗೆ, ಮನೆ ಜಮೀನಿಗೆ. ಪುಸ್ತಕ ಚರಾಸ್ತಿ, ವಾಪಸ್ ಕೊಡ್ತೀನಿ ಅಂತ ಒಪ್ಪಿ ಇನ್ನೊಬ್ಬರ ವಸ್ತು ಕೈಗೆ ತಗೊಂಡ್ರೆ ಅದು 1872ರ ಕಾಂಟ್ರಾಕ್ಟ್ ಆಕ್ಟಿನ 148ನೇ ಸೆಕ್ಷನಿನ ಬೇಲ್‌ಮೆಂಟ್. 151 ಏನು ಹೇಳುತ್ತೆ ಅಂದ್ರೆ, ಸಾಮಾನ್ಯ ವಿವೇಕ ಇರೋ ಮನುಷ್ಯ ಅಂಥಾ ಪರಿಸ್ಥಿತಿಯಲ್ಲಿ ತನ್ನ ಸ್ವಂತ ವಸ್ತುನ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಜೋಪಾನ ಮಾಡಬೇಕು. ಅಷ್ಟು ಮಾಡಿನೂ ಹಾಳಾದ್ರೆ, ಬೇರೆ ಕರಾರು ಇಲ್ಲದಿದ್ರೆ, 152ರ ಪ್ರಕಾರ ತಗೊಂಡವರ ಮೇಲೆ ಹೊಣೆ ಇಲ್ಲ. ಅಂಕೋಲೆಯಲ್ಲಿ ಹುಟ್ಟಿ ಬೆಳೆದವಳು ಜುಲೈ ತಿಂಗಳಲ್ಲಿ ಕಿಟಕಿ ಪಕ್ಕ ಪುಸ್ತಕ ಇಟ್ಟಿದ್ದು ವಿವೇಕ ಅಂತ ಯಾವ ಜಡ್ಜ್ ಮುಂದೆನೂ ಹೇಳೋಕೆ ಆಗಲ್ಲ. ಡಿಪಾಸಿಟಲ್ಲಿ 150 ಮುರ್ಕೊಳ್ಳಿ ಅಂತ ನಾನೇ ಹೇಳಿದೆ, ಅವರು 100 ಮುರ್ಕೊಂಡ್ರು.

ಆವತ್ತಿಂದ ಹಾಳೆಯಲ್ಲಿ ಇನ್ನೆರಡು ಸಾಲು ಸೇರಿಸ್ತೀವಿ. ಪುಟ ಹರಿದಿದ್ರೆ, ಪುಟ ಇಲ್ಲದಿದ್ರೆ ಕೊಡೋರು ಮೊದ್ಲೇ ಹೇಳಬೇಕು (150ನೇ ಸೆಕ್ಷನ್ ಕೊಡೋರ ಮೇಲೂ ಹೊಣೆ ಹಾಕುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ), ಮತ್ತೆ ಟೈಮ್ ಮುಗಿದ ಕೂಡ್ಲೇ ಅವರು ಕೇಳೋ ತನಕ ಕಾಯದೆ ವಾಪಸ್ ಕೊಡಬೇಕು, ಅದು 160. ಮಳೆಗಾಲದಲ್ಲಿ ಪುಸ್ತಕ ದಪ್ಪ ಪ್ಲಾಸ್ಟಿಕ್ ಕವರಲ್ಲೇ ಬ್ಯಾಗಿಗೆ ಹೋಗುತ್ತೆ, ಮನೆಯಲ್ಲಿ ಇಡುವಾಗ ಕಪಾಟಿನ ಮೂಲೆಯಲ್ಲಿ ಎರಡು ತುಂಡು ಬಜೆ ಬೇರು, ಹುಳ ಹತ್ತಬಾರದು ಅಂತ ಅಜ್ಜಿ ಕಾಲದಿಂದ ಮಾಡ್ತಾ ಬಂದಿದ್ದು.

ಎಲ್ಲಾ ಪುಸ್ತಕನೂ ಹಳೇದು ತಗೊಳ್ಳೋಕೆ ಆಗಲ್ಲ, ಇಲ್ಲಿ ನಾನು ಒಂದು ಸಲ ಚೆನ್ನಾಗಿ ಏಟು ತಿಂದಿದ್ದೀನಿ. ಶಕ್ತಿ ಯೋಜನೆ ಇರೋದ್ರಿಂದ ನಮ್ಮಂಥ ಹುಡುಗಿಯರಿಗೆ ಬಸ್ ಚಾರ್ಜ್ ಇಲ್ಲ, ಒಂದು ಭಾನುವಾರ ಹುಬ್ಬಳ್ಳಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ದಪ್ಪ ಐಪಿಸಿ (ಭಾರತೀಯ ದಂಡ ಸಂಹಿತೆ) ಪುಸ್ತಕ 150ಕ್ಕೆ ಸಿಕ್ತು ಅಂತ ಖುಷಿಯಿಂದ ತಂದೆ. ಅಂಗಡಿಯವರು ಒಂದು ಮಾತೂ ಹೇಳಲಿಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಾಗಿದೆ, 511 ಸೆಕ್ಷನ್ ಇದ್ದಿದ್ದು 358 ಆಗಿದೆ, 302 ಅಂತ ಬಾಯಿಪಾಠ ಆಗಿರೋ ಕೊಲೆ ಈಗ 103. ಕ್ರಿಮಿನಲ್ ಕೇಸು ನಡೆಸೋ ವಿಧಾನದ ಸಿಆರ್‌ಪಿಸಿಗೂ ಸಾಕ್ಷ್ಯದ ಎವಿಡೆನ್ಸ್ ಆಕ್ಟಿಗೂ ಅದೇ ಕಥೆ. ಈ ಮೂರು ವಿಷಯಕ್ಕೆ ಮಾತ್ರ ಹಳೇ ಪುಸ್ತಕ ಎಷ್ಟು ಕಮ್ಮಿಗೆ ಸಿಕ್ರೂ ಪರೀಕ್ಷೆಗೆ ಅಂತ ತಗೋಬೇಡಿ. ಆ ಐಪಿಸಿ ಪುಸ್ತಕ ನಾನು ಬಿಸಾಕಿಲ್ಲ, ಯಾಕಂದ್ರೆ ಆ ತಾರೀಕಿಗಿಂತ ಮುಂಚೆ ನಡೆದ ಅಪರಾಧಕ್ಕೆ ಈಗ್ಲೂ ಐಪಿಸಿನೇ, ರಜೆಯಲ್ಲಿ ವಕೀಲರ ಆಫೀಸಿಗೆ ಹೋದಾಗ ನೋಡಿದ ಫೈಲುಗಳಲ್ಲಿ ಹೆಚ್ಚಿನವು ಹಳೇ ಸೆಕ್ಷನಿನವೇ.

ಬೇರೆ ವಿಷಯಕ್ಕೆ ನಾನು ಮಾಡೋದು ಹೀಗೆ. ಪುಸ್ತಕ ಕೈಗೆ ತಗೊಂಡ ಕೂಡ್ಲೇ ಕೇಸುಗಳ ಪಟ್ಟಿ ತೆಗೀತೀನಿ. ಸಂವಿಧಾನದ ಪುಸ್ತಕ ಆದ್ರೆ ಪುಟ್ಟಸ್ವಾಮಿ ಹೆಸರು ಇದ್ಯಾ ನೋಡ್ತೀನಿ, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಗಿದ್ದವರು, ಅವರು ಹಾಕಿದ ಕೇಸಲ್ಲೇ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ಜಡ್ಜ್‌ಗಳ ಪೀಠ ಹೇಳಿದ್ದು 2017ರಲ್ಲಿ, ಆ ಹೆಸರು ಇಲ್ಲ ಅಂದ್ರೆ ಪುಸ್ತಕ ಅದಕ್ಕಿಂತ ಹಳೇದು. ಹಿಂದೂ ಲಾ ಆದ್ರೆ 2020ರ ವಿನೀತಾ ಶರ್ಮಾ ಕೇಸ್, ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು, 2005ರಲ್ಲಿ ಕಾಯ್ದೆ ತಿದ್ದುಪಡಿ ಆದಾಗ ತಂದೆ ಬದುಕಿರಬೇಕು ಅಂತಿಲ್ಲ ಅಂತ ಹೇಳಿದ್ದು. ಸ್ಪೆಸಿಫಿಕ್ ರಿಲೀಫ್ (ಕರಾರಿನಲ್ಲಿ ಒಪ್ಪಿದ್ದನ್ನೇ ಕೋರ್ಟಿಂದ ಮಾಡಿಸೋ ಥರದ ಪರಿಹಾರದ ಕಾಯ್ದೆ) ಓದೋದಾದ್ರೆ 2018ರ ತಿದ್ದುಪಡಿ ಇರಲೇಬೇಕು. ಕನ್ಸ್ಯೂಮರ್ ಕಾಯ್ದೆ 1986ರದ್ದು ಅಂತ ಇದ್ರೆ ಅಲ್ಲೇ ಇಟ್ಟು ಬನ್ನಿ, ಈಗ 2019ರದ್ದು. ಟಾರ್ಟ್ಸಿಗೆ (ಒಬ್ಬರಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರ ಕೊಡಿಸೋ ಕಾನೂನು) ಇಷ್ಟು ತಲೆಬಿಸಿ ಇಲ್ಲ, ಕುಡಿಯೋ ಬಾಟಲಿಯಲ್ಲಿ ಬಸವನಹುಳ ಸಿಕ್ಕ 1932ರ ಕೇಸ್ ಯಾವ ಆವೃತ್ತಿಯಲ್ಲಿ ಓದಿದ್ರೂ ಅದೇ.

ಬೇರ್ ಆಕ್ಟ್ ಮಾತ್ರ ಹೊಸದೇ ತಗೋತೀನಿ, ದಿನಾ ಕೈಯಲ್ಲಿರಬೇಕು, ಅದರ ಮೇಲೆ ಗೀಚಬೇಕು. ಅದಕ್ಕೂ ದುಡ್ಡಿಲ್ಲದ ತಿಂಗಳು ಬಂದ್ರೆ ಸರ್ಕಾರದ ಇಂಡಿಯಾ ಕೋಡ್ ವೆಬ್‌ಸೈಟಲ್ಲಿ ಎಲ್ಲಾ ಕೇಂದ್ರ ಕಾಯ್ದೆ ಪುಕ್ಕಟೆ ಇದೆ, ಸುಪ್ರೀಂ ಕೋರ್ಟ್ ತೀರ್ಪಿಗೆ ಇ-ಎಸ್‌ಸಿಆರ್ ಅನ್ನೋ ವೆಬ್‌ಸೈಟ್ ಇದೆ, ಎಷ್ಟೋ ತೀರ್ಪು ಕನ್ನಡದಲ್ಲೂ ಸಿಗುತ್ತೆ, ಕನ್ನಡ ಮೀಡಿಯಮ್ಮಿಂದ ಬಂದ ನಂಗೆ ಅದರಿಂದ ಆದ ಉಪಕಾರ ಅಷ್ಟಿಷ್ಟಲ್ಲ. ಝೆರಾಕ್ಸ್ ವಿಷಯ: ಬೇಕಾದ ಅಧ್ಯಾಯ ಮಾತ್ರ ಮಾಡಿಸ್ತೀನಿ. 2016ರಲ್ಲಿ ದೆಹಲಿ ಹೈಕೋರ್ಟ್ ಯೂನಿವರ್ಸಿಟಿ ಝೆರಾಕ್ಸ್ ಅಂಗಡಿ ಕೇಸಲ್ಲಿ ಪಾಠಕ್ಕೋಸ್ಕರ ಮಾಡೋ ಪ್ರತಿಗೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನಲ್ಲಿ ಅವಕಾಶ ಇದೆ ಅಂತ ಹೇಳಿದ್ದು ಹೌದು, ಆದ್ರೂ ಇಡೀ ಪುಸ್ತಕ ಝೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸೋದು ನಂಗೆ ಸರಿ ಕಾಣಲ್ಲ, ಬರೆದವರ ಶ್ರಮ ಇದೆ, ಮತ್ತೆ ಬಾಡಿಗೆಗೆ ಸಿಗೋವಾಗ ಅದರ ಅಗತ್ಯನೂ ಇಲ್ಲ. ಬೆಂಗಳೂರಿನ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ಸಿಗುತ್ತೆ, ಅಲ್ಲಿರೋ ಗೆಳತಿ ಹತ್ರ ಫೋಟೋ ತರಿಸಿ ಆವೃತ್ತಿ ನೋಡಿ ಒಂದೆರಡು ತರಿಸಿದ್ದೀನಿ. ಅಂಚೆಯಲ್ಲಿ 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಇದೆ, ಪಠ್ಯಪುಸ್ತಕಕ್ಕೆ 300 ಗ್ರಾಂವರೆಗೆ 20 ರೂಪಾಯಿಂದ ಶುರು, 5 ಕಿಲೋವರೆಗೆ 100, ಟ್ಯಾಕ್ಸ್ ಬೇರೆ.

ಈಗ ನನ್ನ ಮೊದಲನೇ ಸೆಮಿಸ್ಟರಿನ ಐದು ಪುಸ್ತಕ ನಾನೇ ಬಾಡಿಗೆಗೆ ಕೊಡ್ತೀನಿ. ಎರಡು ಹೊನ್ನಾವರದ ತಂಗಿ ಹತ್ರ ಇದೆ, ಒಂದು ಯಲ್ಲಾಪುರದ ಹುಡುಗನ ಹತ್ರ. ಬಂದ ಬಾಡಿಗೆ ಆಯಿ ಕೈಗೇ ಕೊಡೋದು. ಅಕ್ಕ ಊರಿಗೆ ಹೋಗುವಾಗ ಆ ಟಿ.ಪಿ. ಆಕ್ಟ್ ಪುಸ್ತಕನೂ ನನ್ನ ಹತ್ರಾನೇ ಬಿಟ್ಟು ಹೋಗಿದ್ದಾರೆ, ಅಲೆ ಅಲೆ ಅಂಚು ಹಾಗೇ ಇದೆ, ಅದನ್ನ 80ಕ್ಕೆ ಕೊಡ್ತೀನಿ, ಯಾಕೆ ಹಾಗಾಯ್ತು ಅಂತಾನೂ ಹೇಳೇ ಕೊಡ್ತೀನಿ. ಉಳಿದಿರೋದು ಕಾಂಟ್ರಾಕ್ಟ್ ಮತ್ತೆ ಟಾರ್ಟ್ಸ್, ಶಿರಸಿ ಕಡೆಯವರಿಗೆ ಬೇಕಾದ್ರೆ ಕೇಳಿ. ನಂಗೆ ಮುಂದಿನ ಸೆಮಿಸ್ಟರಿಗೆ ಸಿಪಿಸಿ (ಸಿವಿಲ್ ಕೇಸು ನಡೆಸೋ ವಿಧಾನದ ಕಾಯ್ದೆ) ಬೇಕು, 2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಆದ್ಮೇಲಿನ ಆವೃತ್ತಿ, ಪೆನ್ಸಿಲ್ ಗುರುತು ಇದ್ರೆ ಅಳಿಸಬೇಡಿ, ಹಾಗೇ ಕೊಡಿ.