ಮೋಡದ ಹಿಂದಿನ ಎರಡೂವರೆ ನಿಮಿಷ

ನನ್ನ ಹಳೆಯ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. ಹೊಸದಕ್ಕೆಂದು ಎತ್ತಿಟ್ಟ ದುಡ್ಡನ್ನು ಅಕ್ಕನ ಮಾತು ಕಟ್ಟಿಕೊಂಡು ಖಗ್ರಾಸ ಸೂರ್ಯಗ್ರಹಣ ನೋಡುವ ಪ್ರವಾಸಕ್ಕೆ ಸುರಿದೆ. ಒಂದೇ ಜಾಗದಲ್ಲಿ ಅದು ಮತ್ತೆ ಕಾಣಲು ಸರಾಸರಿ 375 ವರ್ಷ ಬೇಕು. "ಅದು ಮನೆ ಬಾಗಿಲಿಗೆ ಬರೋ ಹೊತ್ತಿಗೆ ನೀನೂ ಇರಲ್ಲ, ನಿನ್ನ ಲ್ಯಾಪ್‌ಟಾಪೂ ಇರಲ್ಲ" ಅಂದಿದ್ದಳು.

ಹೊರಡುವ ಮೊದಲಿನ ಎರಡು ತಿಂಗಳು ಚೆನ್ನಾಗಿದ್ದವು. ನಕ್ಷೆ ಹರಡಿಕೊಂಡು ಕೂರುವುದು, ನೆರಳಿನ ಪಟ್ಟಿ ಎಲ್ಲಿ ಹಾಯುತ್ತದೆಂದು ಬೆರಳಿಡುವುದು. ನಿಜ ಹೇಳಬೇಕೆಂದರೆ, ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ವಸೂಲಾಗಿತ್ತು.

ಆ ದಿನ ಬೆಳಗಿನಿಂದಲೇ ಮೋಡ. ಗ್ರಹಣದ ಕನ್ನಡಕ ಹಾಕಿಕೊಂಡರೆ ಬರೀ ಕಪ್ಪು, ತೆಗೆದರೆ ಬರೀ ಬೂದಿ. ಹೊತ್ತಾಯಿತೆಂದು ಗಡಿಯಾರ ಹೇಳಿತು. ಪಶ್ಚಿಮದ ಮೋಡಗಳು ಒಮ್ಮೆಲೇ ಮಸಿ ಬಳಿದಂತಾಗಿ, ಆ ಕತ್ತಲೆ ನಮ್ಮ ಮೇಲೆ ಓಡಿಬಂತು. ಹಕ್ಕಿಗಳು ಸುಮ್ಮನಾದವು, ತೋಳಿನ ಮೇಲೆ ಚಳಿ ಎದ್ದಿತು, ಬೀದಿದೀಪಗಳು ಹತ್ತಿಕೊಂಡವು. ಎರಡೂವರೆ ನಿಮಿಷ, ಅಷ್ಟೇ. ಸೂರ್ಯನ ಸುತ್ತಲಿನ ಆ ಬೆಳ್ಳಿಯ ಕಿರೀಟ ನಮಗೆ ಕಾಣಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಲ್ಯಾಪ್‌ಟಾಪಿನ ಮಾತೆತ್ತಿದೆ. ಅಕ್ಕ ಕಿಟಕಿಯತ್ತ ತಿರುಗಿದಳು.

ವಸ್ತುವಿಗಿಂತ ಅನುಭವಕ್ಕೆ ಹಾಕಿದ ದುಡ್ಡೇ ಹೆಚ್ಚು ಖುಷಿ ಕೊಟ್ಟಿತೆಂದು ಹೆಚ್ಚಿನವರು ಹೇಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಬರೆದಿದ್ದನ್ನು ಆಮೇಲೆ ಓದಿದೆ. ಆದಾಯ ಕಡಿಮೆ ಇದ್ದವರಲ್ಲಿ ಈ ಅಂತರ ಅಷ್ಟಿರಲಿಲ್ಲ ಎಂಬ ಮಾತೂ ಅದರಲ್ಲಿದೆ. ಜನ ಅದನ್ನು ಹೇಳುವುದು ಕಡಿಮೆ. ನನ್ನ ಲ್ಯಾಪ್‌ಟಾಪು ನಿಧಾನವಾಗಿತ್ತು, ಸತ್ತಿರಲಿಲ್ಲ. ಸತ್ತಿದ್ದರೆ ನನ್ನ ಕೆಲಸವೇ ನಿಲ್ಲುತ್ತಿತ್ತು, ಆಗ ಯಾವ ಗ್ರಹಣವೂ ಬೇಡ ಅನ್ನುತ್ತಿದ್ದೆ.

ಮರುವರ್ಷ ಹೊಸದೂ ಬಂತು. ಒಂದು ವಾರ ಒರೆಸಿ ಒರೆಸಿ ಇಟ್ಟೆ. ಈಗ ಚಾರ್ಜು ಮುಗಿದಾಗ ಮಾತ್ರ ಅದರ ನೆನಪು. ಗ್ರಹಣದ ವಿಷಯ ಹಾಗಲ್ಲ, ನಾಲ್ಕು ಜನ ಸೇರಿದರೆ ಸಾಕು, ಅಕ್ಕ ಶುರುಮಾಡುತ್ತಾಳೆ. ಮೊದಮೊದಲು ಏನೂ ಕಾಣಲಿಲ್ಲ ಅನ್ನುತ್ತಿದ್ದಳು. ಈಚೆಗೆ, ಕೊನೆಯ ಗಳಿಗೆಯಲ್ಲಿ ಮೋಡ ಒಂಚೂರು ಸರಿದು ಉಂಗುರದ ಹರಳಿನಂತೆ ಬೆಳಕು ಮಿಂಚಿತು ಅನ್ನುತ್ತಾಳೆ.

"ಪಕ್ಕದಲ್ಲೇ ಇದ್ನಲ್ಲೇ, ನಾನು ನೋಡ್ಲಿಲ್ಲ!"

"ನೀನು ಆಗ ಬೀದಿದೀಪ ನೋಡ್ತಿದ್ದೆ ಕಣೋ."

ನೋಡುತ್ತಿದ್ದದ್ದು ಹೌದು.