ನಾಲ್ಕು ಗಂಟೆಯ ಬಿಸಿಲಿಗೆ ಒಂದು ಬಸ್ ನಿಲ್ದಾಣ: ಕೆಲಸ ಎಲ್ಲಿಗೆ ಬಂತು

ಏಪ್ರಿಲ್ ಕೊನೆ

ಕಲಬುರಗಿಯ ನಮ್ಮ ಬಡಾವಣೆಯ ಸಿಟಿ ಬಸ್ ನಿಲ್ದಾಣವನ್ನು ಹೊಸದಾಗಿ ಡಿಸೈನ್ ಮಾಡುತ್ತಿದ್ದೇನೆ. ಕಾಲೇಜಿನ ಅಸೈನ್‌ಮೆಂಟ್ ಅಲ್ಲ, ಯಾರೂ ಕೇಳಿಲ್ಲ, ದುಡ್ಡೂ ಇಲ್ಲ. ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರಿಗೆ ಬಂದಾಗೆಲ್ಲ ಆ ನಿಲ್ದಾಣ ಕಣ್ಣಿಗೆ ಚುಚ್ಚುತ್ತಿತ್ತು, ಸುಮ್ನೆ ಕೂರೋ ಬದಲು ಶುರು ಮಾಡಿದೆ.

ಮೊದಲು ಜಾಗ ಹೇಗಿದೆ ಹೇಳುತ್ತೇನೆ. ರಸ್ತೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ನಿಲ್ದಾಣ ರಸ್ತೆಯ ಪೂರ್ವ ಬದಿಯಲ್ಲಿದೆ, ಮುಖ ಪಶ್ಚಿಮಕ್ಕೆ. ಮೇಲೆ ತಗಡು, ಹಿಂದೆ ಮತ್ತು ಎರಡೂ ಪಕ್ಕದಲ್ಲಿ ಜಾಹೀರಾತಿನ ಫಲಕ, ಕೂರಲು ಸ್ಟೀಲ್ ಕಂಬಿಯ ಸೀಟು. ಫೋಟೊದಲ್ಲಿ ಚೆನ್ನಾಗೇ ಕಾಣುತ್ತದೆ. ಸಂಜೆ ನಾಲ್ಕು ಗಂಟೆಗೆ ಹೋಗಿ ನೋಡಿದರೆ ಒಳಗೆ ಒಬ್ಬರೂ ಇರುವುದಿಲ್ಲ. ಎಲ್ಲರೂ ನಿಲ್ದಾಣದ ಹಿಂದೆ, ಜಾಹೀರಾತು ಫಲಕದ ನೆರಳಿನಲ್ಲಿ ಸಾಲಾಗಿ ನಿಂತಿರುತ್ತಾರೆ. ಅಲ್ಲಿಂದ ಬಸ್ಸು ಕಾಣುವುದಿಲ್ಲ, ಹಾಗಾಗಿ ಆಗಾಗ ಯಾರೋ ಒಬ್ಬರು ಬಿಸಿಲಿಗೆ ಬಂದು ಇಣುಕಿ ಮತ್ತೆ ನೆರಳಿಗೆ ಸೇರಿಕೊಳ್ಳುತ್ತಾರೆ. ನಿಲ್ದಾಣ ಕಟ್ಟಿದ್ದು ಒಂದು ಕಡೆ, ಜನ ನಿಲ್ಲುವುದು ಇನ್ನೊಂದು ಕಡೆ. ನನಗೆ ಬೇರೆ ಸರ್ವೆ ಬೇಕಾಗಲಿಲ್ಲ.

ಅಲ್ಲೇ ಸೌತೆಕಾಯಿ ಮಾರುವ ಅಕ್ಕ ನಾನು ತಗಡಿನ ಎತ್ತರ ಅಳೆಯುವುದನ್ನು ಸ್ವಲ್ಪ ಹೊತ್ತು ನೋಡಿ ಹೇಳಿದರು: "ತಮ್ಮಾ, ನೀ ಬರೇ ಮ್ಯಾಲ ನೋಡಾಕತ್ತೀದಿ. ಬಿಸಿಲು ಬಗಲಾಗಿಂದ ಬರ್ತದ." ಇಡೀ ಪ್ರಾಜೆಕ್ಟ್ ಇಷ್ಟೇ ನೋಡಿ. ಉಳಿದಿದ್ದೆಲ್ಲ ಲೆಕ್ಕ.

ಮೇ ಮೊದಲ ವಾರ

ಲೆಕ್ಕಕ್ಕೇ ಬರೋಣ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆ ಹೊತ್ತಿಗೆ ಯಾವ ತಗಡಾದರೂ ನೆರಳು ಕೊಡುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಕಚೇರಿಯವರು ಒಂದೂವರೆಗೆ ಬಸ್ಸಿಗೆ ಬಂದಾಗ ಸೂರ್ಯ ದಿಗಂತದಿಂದ ಇನ್ನೂ 70 ಡಿಗ್ರಿಗಿಂತ ಮೇಲಿರುತ್ತಾನೆ, ಅವರಿಗೆ ಈಗಿರುವ ನಿಲ್ದಾಣ ಹೇಗೋ ನಡೆಯುತ್ತದೆ. ಪೆಟ್ಟು ಬೀಳುವುದು ಅಂಗಡಿ, ಆಸ್ಪತ್ರೆ, ಮನೆಗೆಲಸ, ಟ್ಯೂಷನ್ ಮುಗಿಸಿ ನಾಲ್ಕರ ನಂತರ ಬರುವವರಿಗೆ. ಅವರಿಗೆ ಬೇಸಿಗೆ ಅಂತ ವೇಳೆ ಬದಲಾಗುವುದಿಲ್ಲ.

ಮೇ ತಿಂಗಳಲ್ಲಿ 4.20ರ ಹೊತ್ತಿಗೆ ಸೂರ್ಯ ಸುಮಾರು 33 ಡಿಗ್ರಿಗೆ ಇಳಿದಿರುತ್ತಾನೆ. ಚಾವಣಿಯ ಮುಂದಿನ ಅಂಚು ನೆಲದಿಂದ 2.4 ಮೀಟರ್ ಮೇಲಿದ್ದರೆ ಬಿಸಿಲು ಅದರ ಕೆಳಗಿಂದ ನುಗ್ಗಿ 3.7 ಮೀಟರ್ ಒಳಗೆ ಬೀಳುತ್ತದೆ. ನಿಲ್ದಾಣದ ಆಳ ಎರಡು ಮೀಟರ್ ಕೂಡ ಇಲ್ಲ! ಅಂದರೆ ತಗಡಿನ ನೆರಳು ಪೂರ್ತಿ ನಿಲ್ದಾಣದ ಆಚೆ, ಹಿಂದಕ್ಕೆ ಹೋಗಿ ಬೀಳುತ್ತಿದೆ. ಜನರೂ ಅಲ್ಲೇ ಇದ್ದಾರೆ. ಈ ತಗಡಿನ ಜಾಗದಲ್ಲಿ ಎಷ್ಟೇ ದುಬಾರಿ ಶೀಟ್ ಹಾಕಿ, ಅದರ ಮೇಲೆ ಹುಲ್ಲು ಬೆಳೆಸಿ ಹಸಿರು ಚಾವಣಿ ಅಂತ ಹೆಸರಿಡಿ, ಸೋಲಾರ್ ಪ್ಯಾನೆಲ್ ಕೂರಿಸಿ, ನಾಲ್ಕು ಗಂಟೆಗೆ ಏನೂ ಬದಲಾಗುವುದಿಲ್ಲ. ಸುಸ್ಥಿರ ವಿನ್ಯಾಸ ಅಂದ ಕೂಡಲೇ ನಾವು ವಿದ್ಯಾರ್ಥಿಗಳು ಚಾವಣಿಯ ಮೇಲೆ ಗಿಡ ಬರೆದುಬಿಡುತ್ತೇವೆ, ಅದು ನಮ್ಮ ರೋಗ.

ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೈಗೆ ಸಿಕ್ಕಿದ್ದರಿಂದ ಬಿಸಿಯನ್ನೂ ನೋಡಿದೆ. ಡಾಂಬರು 60 ಡಿಗ್ರಿ ದಾಟುತ್ತದೆ. ಹೊಳೆಯುವ ಸ್ಟೀಲ್ ಸೀಟಿಗೆ ಈ ಥರ್ಮಾಮೀಟರ್ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ, ಅದರ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಅಳೆಯಬೇಕು. ಇದನ್ನು ಮಾಡುವವರು ನೆನಪಿಟ್ಟುಕೊಳ್ಳಿ. ಗಾಳಿಯ ಬಿಸಿ ನೆರಳಲ್ಲೂ ಬಿಸಿಲಲ್ಲೂ ಹೆಚ್ಚುಕಡಿಮೆ ಒಂದೇ. ಮೈ ಸುಡುವುದು ಸೂರ್ಯನಿಂದ ನೇರವಾಗಿ ಬೀಳುವ ಬಿಸಿಲಿಗೆ, ಜೊತೆಗೆ ಕಾದ ರಸ್ತೆ, ಕಾದ ತಗಡು ಎಲ್ಲ ಕಡೆಯಿಂದ ಉಗುಳುವ ಕಾವಿಗೆ. ತಗಡಿನ ಕೆಳಗೆ ನಿಂತರೆ ತಲೆ ಕಾಯುವುದು ಇದಕ್ಕೇ.

ಮೇ ಎರಡನೇ ವಾರ

ಕೋಟೆಗೆ ಹೋಗಿ ಬಂದೆ. ಜಾಮಿ ಮಸೀದಿ 1367ರದ್ದು, ಬಹಮನಿಗಳು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಇಪ್ಪತ್ತು ವರ್ಷ ಆಗಿತ್ತಷ್ಟೆ. ಸಾಮಾನ್ಯವಾಗಿ ಜಾಮಿ ಮಸೀದಿ ಅಂದರೆ ನಡುವೆ ದೊಡ್ಡ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಜಾಗಕ್ಕೆ ಗುಮ್ಮಟಗಳ ಚಾವಣಿ. ಯಾಕೆ ಹಾಗೆ ಕಟ್ಟಿದರು ಅನ್ನುವುದಕ್ಕೆ ಪಂಡಿತರು ಹಲವು ಕಾರಣ ಕೊಡುತ್ತಾರೆ. ಮೇ ತಿಂಗಳಲ್ಲಿ ಹೋದರೆ ಬೇರೆ ಕಾರಣ ಬೇಕು ಅನ್ನಿಸುವುದಿಲ್ಲ, ಅಲ್ವಾ.

ನಾನು ನೋಡಲು ಹೋಗಿದ್ದು ಹೊರ ಸಾಲಿನ ಕಮಾನುಗಳನ್ನು. ಅಗಲ ತುಂಬ ಜಾಸ್ತಿ, ಆದರೆ ಕಮಾನು ಶುರುವಾಗುವ ಜಾಗ ತುಂಬ ಕೆಳಗಿದೆ, ಆಳೆತ್ತರಕ್ಕಿಂತ ಕೆಳಗಿಂದಲೇ ಬಾಗಲು ಶುರು. ಹಾಗಾಗಿ ಬೆಳಕು, ಗಾಳಿ ಬರುತ್ತವೆ, ಇಳಿ ಬಿಸಿಲಿಗೆ ಮಾತ್ರ ದಾರಿ ಕಡಿಮೆ. ಎತ್ತರ ಮಾಡಿದರೆ ತಂಪು ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಒಳಗಿನ ಕೋಣೆಗೆ ಅದು ಸರಿ, ಬಿಸಿ ಗಾಳಿ ಮೇಲೆ ಹೋಗುತ್ತದೆ. ನಾಲ್ಕೂ ಕಡೆ ತೆರೆದ ಜಾಗಕ್ಕೆ ಅಂಚು ತಗ್ಗಬೇಕು. ಊರಿನ ಮನೆಗಳ ಮುಂದೆ ಕೆಳಗಿನವರೆಗೆ ಇಳಿಸಿ ಕಟ್ಟುವ ಚಪ್ಪರವೂ ಇದನ್ನೇ ಮಾಡುತ್ತದೆ, ಬಗ್ಗಿ ಒಳಗೆ ಹೋಗಬೇಕು, ಯಾರೂ ದೂರುವುದಿಲ್ಲ.

ಮೇ ಕೊನೆ

ಶೇಡ್ ನೆಟ್ ಪರೀಕ್ಷೆ ಮಾಡಿದೆವು. ನರ್ಸರಿಗೆ ಹಾಕುವ ಹಸಿರು ಬಲೆ, 75 ಪರ್ಸೆಂಟ್ ಬಿಸಿಲು ತಡೆಯುವಂಥದ್ದು. ಎಲ್ಲರೂ ಅದನ್ನು ಮೇಲೆ ಹಾಸುತ್ತಾರೆ, ನಾವು ನಿಲ್ದಾಣದ ಮುಂದೆ, ಪಶ್ಚಿಮಕ್ಕೆ, ಪರದೆಯ ಹಾಗೆ ಇಳಿಬಿಟ್ಟೆವು. ಎದುರಿನ ಪಂಕ್ಚರ್ ಅಂಗಡಿಯ ಅಣ್ಣ ಏಣಿ ಕೊಟ್ಟರು, ಸಲಹೆಯನ್ನೂ ಕೊಟ್ಟರು. ಅರ್ಧ ಗಂಟೆಯೊಳಗೆ ಹಿಂದೆ ನಿಂತಿದ್ದವರಲ್ಲಿ ಕೆಲವರು ಒಳಗೆ ಬಂದು ಕೂತರು. ಗಾಳಿಯೂ ಬರುತ್ತಿತ್ತು. ಆದರೆ ಬಸ್ಸು ಕಾಣದು, ಆದ್ದರಿಂದ ಒಬ್ಬ ಹುಡುಗ ತಾನಾಗಿ ಹೊರಗೆ ಕಾವಲು ನಿಂತ, "ಬಂತ್ರೀ!" ಅಂತ ಕೂಗುವ ಡ್ಯೂಟಿ. ಕೆಲವು ಹೆಂಗಸರು ಪರದೆಯ ಒಳಗೆ ಬರಲೇ ಇಲ್ಲ. ಕೇಳಿದರೆ ಒಬ್ಬರು ಹೇಳಿದರು, ಒಳಗಿರೋರು ಯಾರು ಅಂತ ಹೊರಗಿನವರಿಗೆ ಕಾಣಬೇಕ್ರೀ, ಕತ್ತಲಾದ ಮೇಲಂತೂ ಕಾಣಲೇಬೇಕು ಅಂತ. ಇದು ಲೆಕ್ಕದಲ್ಲಿ ಬರುವ ವಿಷಯವಲ್ಲ, ಆದರೆ ಲೆಕ್ಕಕ್ಕಿಂತ ದೊಡ್ಡದು. ಮುಚ್ಚಿದ ಗೋಡೆ ಕಟ್ಟುವ ಯೋಚನೆ ಅಲ್ಲಿಗೇ ಬಿಟ್ಟೆ. ಬಲೆಯನ್ನು ಎರಡನೇ ರಾತ್ರಿ ಯಾರೋ ಬಿಚ್ಚಿಕೊಂಡು ಹೋದರು. ಯಾರದೋ ತೋಟಕ್ಕೆ ನೆರಳಾಗಿರಲಿ.

ಜೂನ್

ಈಗಿನ ಡಿಸೈನ್ ಹೀಗಿದೆ. ಕೂರುವ ಜಾಗ ಹಿಂದಕ್ಕೆ ಹೋಗುತ್ತದೆ, ಜನ ಈಗಾಗಲೇ ಆರಿಸಿಕೊಂಡಿರುವ ಜಾಗಕ್ಕೇ. ನಿಲ್ದಾಣಕ್ಕೂ ಅದರ ಹಿಂದಿನ ಕಾಂಪೌಂಡಿಗೂ ನಡುವೆ ಖಾಲಿ ಜಾಗವಿದೆ, ಈಗ ಅಲ್ಲಿ ಕಸ ಮತ್ತು ಒಂದು ಮುರಿದ ತಳ್ಳುಗಾಡಿ. ಅಲ್ಲಿ ಒಂದೂವರೆ ಅಡಿ ಎತ್ತರದ ಕಟ್ಟೆ. ಕಟ್ಟೆಯ ಒಂದು ತುದಿಯಲ್ಲಿ ಹಿಡಿದು ಏಳಲು ಕಂಬಿ, ಮೊಣಕಾಲು ನೋವಿನವರಿಗೆ. ಇನ್ನೊಂದು ತುದಿಯಲ್ಲಿ ಸೌತೆಕಾಯಿ ಬುಟ್ಟಿ ಇಡುವಷ್ಟು ಅಗಲ ಜಾಸ್ತಿ, ಅಲ್ಲೇ ನೀರಿನ ಹರವಿಗೂ ಜಾಗ. ಮುಂದೆ ಫುಟ್‌ಪಾತಿನಲ್ಲಿ ನಡೆಯುವವರಿಗೆ 1.8 ಮೀಟರ್ ತೆರವಾಗಿಯೇ ಉಳಿಯಬೇಕು, ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಅದು. ಜಾಹೀರಾತು ಫಲಕದಲ್ಲಿ ಉತ್ತರ ತುದಿಯದನ್ನು ತೆಗೆಯಬೇಕು. ಬಸ್ಸು ಉತ್ತರದಿಂದ ಬರುತ್ತದೆ, ಕೂತಲ್ಲಿಂದಲೇ ರಸ್ತೆ ಉದ್ದಕ್ಕೂ ಕಾಣುತ್ತದೆ, ಕಾವಲು ಹುಡುಗನಿಗೆ ಬಿಡುವು.

ಹಿಂದಿನ ಫಲಕದ ಬದಲು ಫರಸಿ. ನಮ್ಮ ಶಹಾಬಾದ್ ಕಲ್ಲು, ಸೇಡಂ, ಚಿತ್ತಾಪುರ ಕಡೆಯೆಲ್ಲ ಸಿಗುವ ಸುಣ್ಣದ ಕಲ್ಲು, ಪದರ ಪದರವಾಗಿ ತಾನೇ ಬಿಡಿಸಿಕೊಳ್ಳುತ್ತದೆ. ನೆಲಕ್ಕೆ ಹಾಸುವುದು ಎಲ್ಲರಿಗೂ ಗೊತ್ತು. ಹಳ್ಳಿಗಳಲ್ಲಿ ದಪ್ಪ ಫರಸಿಯನ್ನು ನೆಟ್ಟಗೆ ನಿಲ್ಲಿಸಿ ಬೇಲಿ ಮಾಡುತ್ತಾರೆ, ನನಗೆ ಬೇಕಾಗಿದ್ದು ಅದು. ಎರಡು ಅಡಿ ಅಗಲದ ಕಲ್ಲುಗಳು, ಒಂದೂವರೆ ಅಡಿಗೆ ಒಂದರಂತೆ, ಪ್ರತಿ ಕಲ್ಲೂ ಸಾಲಿನ ಗೆರೆಗೆ 30 ಡಿಗ್ರಿ ಓರೆಯಾಗಿ, ತುದಿ ಉತ್ತರ-ವಾಯವ್ಯಕ್ಕೆ ಮುಖ ಮಾಡಿ. ಮೇ ತಿಂಗಳ 4.20ಕ್ಕೆ ಸೂರ್ಯ ನೇರ ಪಶ್ಚಿಮದಲ್ಲಿರುವುದಿಲ್ಲ, ಸುಮಾರು 10 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಆ ಕೋನದಲ್ಲಿ ಒಂದು ಕಲ್ಲಿನ ನೆರಳು ಮುಂದಿನ ಕಲ್ಲಿನ ತನಕ ಮುಟ್ಟುತ್ತದೆ, ಸಂದಿ ಉಳಿಯುವುದಿಲ್ಲ. ಆದರೆ ಓರೆಯಿಂದ ನೋಡಿದವರಿಗೆ ಏಳು ಇಂಚಿನಷ್ಟು ಸಂದಿ ಇದೆ, ಒಳಗಿರುವವರು ಕಾಣುತ್ತಾರೆ, ಗಾಳಿಯೂ ಹಾಯುತ್ತದೆ. ಮುಳುಗುವ ಹೊತ್ತಿಗೆ ಸೂರ್ಯ ಇನ್ನೂ ಉತ್ತರಕ್ಕೆ ಹೋಗುವುದರಿಂದ ಸಣ್ಣ ಗೆರೆಯಷ್ಟು ಬಿಸಿಲು ಸೋರುತ್ತದೆ. ಆಗ ಎದುರಿನ ಕಟ್ಟಡಗಳೇ ಅಡ್ಡ ಬರುತ್ತವೆ, ತಲೆ ಕೆಡಿಸಿಕೊಂಡಿಲ್ಲ. ಕಲ್ಲಿನ ಎತ್ತರ ನೆಲದ ಮೇಲೆ ಆರೂವರೆ ಅಡಿ, ಕಟ್ಟೆ ಅದರ ಹಿಂದೆ ನಾಲ್ಕು ಅಡಿ ದೂರದಲ್ಲಿ. ಅಷ್ಟಿದ್ದರೆ, ಮೇಲಿನ ತಗಡಿನ ನೆರಳೂ ಸೇರಿ, ಕೂತವರ ತಲೆ ನೆರಳಲ್ಲಿರುತ್ತದೆ. ಅದಕ್ಕಿಂತ ಮುಂಚಿನ ಬಿಸಿಲಿಗೆ ತಗಡನ್ನು ಹಿಂದಕ್ಕೆ ಚಾಚುತ್ತೇನೆ, ಒಳಗೆ ಬಿದಿರಿನ ತಟ್ಟಿ ಕಟ್ಟಿ, ನಡುವೆ ಗಾಳಿಗೆ ಗೇಣಷ್ಟು ಜಾಗ ಬಿಟ್ಟು.

ಇದನ್ನು ಪರೀಕ್ಷಿಸಲು ಕಂಪ್ಯೂಟರ್ ಬೇಕಿಲ್ಲ. ಸ್ಕೆಚಪ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ನೆರಳು ಬರುತ್ತದೆ, ಊರಿನ ಸ್ಥಳ ಸರಿಯಾಗಿ ಕೊಟ್ಟರೆ. ನನಗೆ ರಟ್ಟಿನ ಮಾಡೆಲ್ಲೇ ಇಷ್ಟ. ನಮ್ಮ ಅಕ್ಷಾಂಶದ ನೆರಳು ಪಟ್ಟಿ (ಯಾವ ತಿಂಗಳ ಯಾವ ಗಂಟೆಗೆ ಕಡ್ಡಿಯ ನೆರಳಿನ ತುದಿ ಎಲ್ಲಿ ಬೀಳುತ್ತದೆ ಅಂತ ಚುಕ್ಕಿ ಹಾಕಿದ ಹಾಳೆ) ಪ್ರಿಂಟ್ ಮಾಡಿ ಮಾಡೆಲಿನ ಪಕ್ಕ ಅಂಟಿಸಿ, ನಡುವೆ ಅದರಲ್ಲಿ ಹೇಳಿದಷ್ಟೇ ಉದ್ದದ ಕಡ್ಡಿ ನೆಟ್ಟು, ಅಂಗಳದ ಬಿಸಿಲಲ್ಲಿ ಮಾಡೆಲನ್ನು ಆಚೀಚೆ ಓಲಿಸಬೇಕು. ಕಡ್ಡಿಯ ನೆರಳಿನ ತುದಿ ಪಟ್ಟಿಯಲ್ಲಿ ಮೇ ತಿಂಗಳ ನಾಲ್ಕು ಗಂಟೆಯ ಚುಕ್ಕಿಗೆ ಬಂದಾಗ, ಮಾಡೆಲಿನ ಒಳಗೆ ಬಿದ್ದಿರುವುದು ಅದೇ ಹೊತ್ತಿನ ಬಿಸಿಲು. ಸೌತೆಕಾಯಿ ಅಕ್ಕನಿಗೆ ತೋರಿಸಿದೆ. ಎರಡು ನಿಮಿಷ ತಾವೇ ಓಲಿಸಿ ನೋಡಿ, ಬೆಳಿಗ್ಗೆಯದು ಏನು ಮಾಡ್ತಿ ಅಂದರು.

ಬೆಳಿಗ್ಗೆಗೆ ಮರ. ಪೂರ್ವಕ್ಕೆ, ಕಾಂಪೌಂಡಿನ ಹತ್ತಿರ, ಹುಲಗಲ ಗಿಡ. ದಕ್ಷಿಣದವರು ಹೊಂಗೆ ಅನ್ನುವುದು ಇದಕ್ಕೇ. ಬೇಸಿಗೆಯ ಮೊದಲು ಎಲೆ ಉದುರಿಸಿ, ಏಪ್ರಿಲ್ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ನಿಂತಿರುತ್ತದೆ, ಬೇವೂ ಹಾಗೇ. ಗುಲ್‌ಮೊಹರ್ ಕೆಂಪಗೆ ಚೆಂದ, ಆದರೆ ನೆರಳು ಬೇಕಾದ ದಿನಗಳಲ್ಲೇ ಅದರ ಎಲೆ ಕಡಿಮೆ. ರಸ್ತೆ ಬದಿಗೆ ಅದನ್ನು ಯಾಕೆ ಇಷ್ಟು ಹಾಕುತ್ತಾರೋ.

ಈಗ ಸಿಕ್ಕಿಹಾಕಿಕೊಂಡಿರುವುದು ನೆಲದಲ್ಲಿ. ಅಲ್ಲಿರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಎರಡು ಇಂಚು ದಪ್ಪದ, ಹೂಳುವ ಎರಡು ಅಡಿಯೂ ಸೇರಿ ಎಂಟೂವರೆ ಅಡಿ ಉದ್ದದ ಫರಸಿ ಹತ್ತಿರ ಹತ್ತಿರ 200 ಕೆಜಿ ತೂಗುತ್ತದೆ. ಅದು ವಾಲಿದರೆ ಕೆಳಗೆ ಕೂತಿರುವುದು ಜನ. ಗೌಂಡಿ ಕಾಕಾ ಹೇಳುವುದು, ಎರೆ ತೆಗೆದುಹಾಕಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಅಗೆದು, ಗರಸೇ ತುಂಬಿ ದಮ್ಮಸು ಮಾಡು ಅಂತ. ಎರಡು ಅಡಿ ಆಳಕ್ಕೆ ಗರಸು ಸಿಗದಿದ್ದರೆ ಖರ್ಚು ಏರುತ್ತದೆ. ಕಲ್ಲುಗಳ ತಲೆಯನ್ನೆಲ್ಲ ಒಂದು ಕಬ್ಬಿಣದ ಪಟ್ಟಿಯಿಂದ ಚಾವಣಿಯ ಕಂಬಕ್ಕೆ ಬಿಗಿಯುವುದು ಹೇಗಿದ್ದರೂ ಮಾಡಲೇಬೇಕು. ನೆಲಕ್ಕೆ ಸಿಮೆಂಟ್ ಹಾಕುವುದಿಲ್ಲ, ಗರಸು ಮತ್ತು ಉಸುಕಿನ ಮೇಲೆ ಹಳೇ ಫರಸಿ ಸುಮ್ನೆ ಹಾಸುತ್ತೇನೆ, ನೆಲ ಎದ್ದರೆ ಎತ್ತಿ ಮತ್ತೆ ಹಾಸಬಹುದು.

ಇದಕ್ಕೆ ಅಡ್ಡ ಬರುವುದು ಮಳೆ ನೀರು. ಚಾವಣಿ ಹನ್ನೆರಡು ಚದರ ಮೀಟರ್, 10 ಮಿಲಿಮೀಟರ್ ಮಳೆ ಬಿದ್ದರೆ 120 ಲೀಟರ್. ಹುಲಗಲ ಗಿಡದ ಗುಂಡಿಗೆ ಬಿಡೋಣ ಅಂದರೆ, ಗುಂಡಿಗೂ ಕಲ್ಲಿನ ಬುಡಕ್ಕೂ ದೂರ ಕಡಿಮೆ, ಎರೆಮಣ್ಣಿಗೆ ನಾನೇ ನೀರು ಕುಡಿಸಿ ಉಬ್ಬಿಸಿದ ಹಾಗೆ. ಗಿಡಗಳನ್ನು ದಕ್ಷಿಣದ ತುದಿಗೆ ಸರಿಸಿ, ಫರಸಿ ಚೂರಿನ ಕಾಲುವೆಯಲ್ಲಿ ನೀರನ್ನು ಅಲ್ಲಿಯವರೆಗೆ ಒಯ್ಯುವ ನಕ್ಷೆ ಬರೆಯುತ್ತಿದ್ದೇನೆ. ಹಾಗೆ ಮಾಡಿದರೆ ಬೆಳಗಿನ ನೆರಳು ಅರ್ಧ ಕಟ್ಟೆಗೆ ಮಾತ್ರ.

ವಾರ್ಡಿನವರಿಗೆ ತೋರಿಸುವ ಮೊದಲು ಒಂದೇ ಒಂದು ಕಲ್ಲನ್ನು ನಮ್ಮ ಮನೆಯ ಹಿತ್ತಲಲ್ಲಿ ನಿಲ್ಲಿಸಿ ಒಂದು ಮಳೆಗಾಲ ಬಿಡುತ್ತೇನೆ, ತೂಗುಗುಂಡು ಕಟ್ಟಿ ವಾಲುವುದನ್ನು ಬರೆದಿಟ್ಟುಕೊಳ್ಳುತ್ತೇನೆ. ಹಿತ್ತಲಿನದೂ ಎರೆಮಣ್ಣೇ. ಶಹಾಬಾದ್, ಸೇಡಂ ಕಡೆಯವರು, ಹೊಲಕ್ಕೆ ಫರಸಿ ಬೇಲಿ ನಿಲ್ಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಎರೆ ಹೊಲದಲ್ಲಿ ಎಷ್ಟು ಆಳ ಹೂಳುತ್ತೀರಿ, ಬುಡಕ್ಕೆ ಏನು ತುಂಬುತ್ತೀರಿ, ಎಷ್ಟು ವರ್ಷಕ್ಕೆ ವಾಲುತ್ತದೆ, ದಯವಿಟ್ಟು ತಿಳಿಸಿ.